ಎಣ್ಣೆಯ ಗುರುತು

ಪಕ್ಕದ ಮನೆಗಳ ಮಗ್ಗಗಳು ಮತ್ತೆ ಬಡಿದುಕೊಳ್ಳತೊಡಗಿದ ಸದ್ದಿಗೆ ಜನನಿಗೆ ಎಚ್ಚರವಾಯಿತು. ಅಪ್ಪ ಶಣ್ಮುಗಂ ಸತ್ತ ಮೇಲೆ ಆಚೀಚೆಯವರು ಮರ್ಯಾದೆಗೆಂದು ಮಗ್ಗ ನಿಲ್ಲಿಸಿದ್ದರು. ನಿನ್ನೆ ಕರ್ಮ ಮುಗಿದು ನೆಂಟರು ಬಸ್ಸು ಹತ್ತಿದರು. ಇಂದು ಕರುಮತ್ತಂಪಟ್ಟಿಗೆ ಎಂದಿನ ಬೆಳಗು. ಅವರ ಮನೆಯ ಹಿಂದಿನ ಶೆಡ್ಡು ಮಾತ್ರ ಸುಮ್ಮನಿತ್ತು.

ಅಮ್ಮ ಪಂಕಜಂ ಸೂತಕದ ಮನೆಯದೆಂದು ಕೈಗೆ ಸಿಕ್ಕಿದ್ದನ್ನೆಲ್ಲ ತೊಳೆದು ಹಾಕಿದ್ದಳು. ಹಗ್ಗದ ಮೇಲೆ ಅಪ್ಪನ ಪಂಚೆ, ಹೊದಿಕೆಗಳು, ಕಂಕುಳಲ್ಲಿ ಹರಿದ ಜನನಿಯ ಯೂನಿಫಾರಂ. ಅವುಗಳ ನಡುವೆ ಒಂದು ಹಳದಿ ಅಳತೆ ಟೇಪು.

"ಇದು ಟೈಲರ್ ಮೈಲ್‌ಸಾಮಿದು ಅಲ್ವಾ? ಇಸ್ಕೂಲಿಂದ ಬರ್ತಾ ಕೊಟ್ಬುಟ್ಟು ಬಾ ಕಣ್ಣೂ. ಸತ್ತೋರ ಎರವಲು ಮನೇಲಿ ಇರ್ಬಾರ್ದು."

"ನೀನೇ ಕೊಡಮ್ಮಾ."

"ನಾನು ಈಗ ವಾಸಲು ದಾಟೋಂಗಿಲ್ಲವಲ್ಲ." ಅಮ್ಮ ಹೊಸ್ತಿಲ ಕಡೆ ನೋಡದೆ ಹೇಳಿದಳು.

ಟೈಲರ್ ಅಂಗಡಿ ಬಸ್ ಸ್ಟಾಪಿಗೆ ಅಂಟಿಕೊಂಡೇ ಇತ್ತು. ಮೈಲ್‌ಸಾಮಿ ಅಳತೆ ತೆಗೆದು ಗಟ್ಟಿಯಾಗಿ ಕೂಗುತ್ತಿದ್ದ, ಒಳಗಿಂದ ಹೆಂಡತಿ ಸುಬ್ಬಾತಾಳ್ ಬರೆದುಕೊಳ್ಳುತ್ತಿದ್ದಳು. ಜನನಿ ಆರನೆಯ ಕ್ಲಾಸಿನಲ್ಲಿದ್ದಾಗ ಹಾಗೆ ಕೂಗಿದ ಸೊಂಟದ ಅಳತೆ ಮರುದಿನ ಅವಳಿಗಿಂತ ಮುಂಚೆ ಶಾಲೆ ತಲುಪಿತ್ತು. ಒಂದು ವರ್ಷ ಹುಡುಗರು ಅವಳನ್ನು ಕರೆದದ್ದು ಆ ಸಂಖ್ಯೆಯಿಂದಲೇ.

ಅಂದಿನಿಂದ ಅಪ್ಪ ಟೇಪನ್ನೇ ಎರವಲು ತರುತ್ತಿದ್ದ. ಮಗ್ಗ ಓಡುತ್ತಿರುವಾಗಲೇ ಶೆಡ್ಡಿಗೆ ಕರೆದು, ಆ ಗದ್ದಲದಲ್ಲಿ ಅಳೆಯುತ್ತಿದ್ದ. "ಅಗಲ ಪನ್ನದ ಬಟ್ಟೆಗೇ ಕಣ್ಣೂ ರೇಟು ಜಾಸ್ತಿ" ಎಂದು ಕಿವಿಯ ಹತ್ತಿರ ಕೂಗಿ ನಗುತ್ತಿದ್ದ. ಎಷ್ಟು ಎಂದು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ಈ ಸಲವೂ ಹೊಸ ಯೂನಿಫಾರಮ್ಮಿನ ನೀಲಿ ಬಟ್ಟೆ ಅಂಗಡಿಗೆ ಕೊಟ್ಟು, ಟೇಪು ತಂದು ಅಳೆದಿದ್ದ. ಮಾರನೆಯ ಬೆಳಗ್ಗೆ ಟೇಪು ಕೊಟ್ಟು ಬರುವ ಮುಂಚೆ ಅದೇ ಮಗ್ಗದ ಪಕ್ಕದಲ್ಲಿ ಎದೆ ಹಿಡಿದುಕೊಂಡು ಕುಸಿದ.

ಹರಿದ ಕಡೆ ಪಿನ್ನು ಚುಚ್ಚಿಕೊಂಡು ಜನನಿ ಶಾಲೆಗೆ ಹೋದಳು. ದಿನಾ ಬೆಂಚಿಗೆ ಕೂರುವಾಗ ಅವಳದೊಂದು ಮಾತಿತ್ತು, ಬೇರೆಯವರು ಹೇಳುವ ಮುಂಚೆ ತಾನೇ ಹೇಳಿಬಿಡುವುದು. ಇಂದೂ ಮನೆಯ ಕನ್ನಡ ಬಿಟ್ಟು ತಮಿಳಿನಲ್ಲಿ ಹೇಳಿದಳು: "ಜರುಗ್ರೇ, ಲಾರಿ ಬರ್ತಿದೆ. ಬೆಂಚು ಮುರಿದ್ರೆ ನನ್ನ ಕೇಳ್ಬೇಡಿ."

ಯಾರೂ ನಗಲಿಲ್ಲ. ಪಕ್ಕದ ತೆನ್ಮೊಳಿ ಬೇಗ ಬೇಗ ಸರಿದು ಜಾಗ ಬಿಟ್ಟಳು. ಅವಳ ಕಣ್ಣು ತುಂಬಿತ್ತು. ನಗು ಬರದಿದ್ದ ಮೇಲೆ ಆ ಮಾತು ಬರೀ ನಿಜವಾಗಿ ಉಳಿಯಿತು. ಊಟದ ಹೊತ್ತಿಗೆ ಹುಡುಗಿಯರು ತಮ್ಮ ಪಾಲಿನ ಮೊಟ್ಟೆಗಳನ್ನು ತಂದು ಅವಳ ತಟ್ಟೆಯಲ್ಲಿಟ್ಟರು. ಬೇಡವೆಂದರೆ ಮತ್ತೆ ಯಾರಾದರೂ ಅಳುತ್ತಾರೆಂದು ಜನನಿ ಎಲ್ಲವನ್ನೂ ತಿಂದಳು. ಮೊದಲಿನ ಹಾಗೆ ಯಾರಾದರೊಬ್ಬರು ಬಯ್ದರೆ ಸಾಕೆನಿಸಿತು.

ಸಂಜೆ ಬಸ್ ಸ್ಟಾಪಿನಲ್ಲಿ ಹುಡುಗರ ಗುಂಪಿತ್ತು. ಅವಳನ್ನು ಕಂಡು ಅವರೂ ಮಾತು ನಿಲ್ಲಿಸಿದರು.

"ವಾ ಅಮ್ಮಿಣಿ, ಬಾ" ಎಂದ ಮೈಲ್‌ಸಾಮಿ, ಮಿಷಿನ್ನಿನ ಮೇಲಿಂದ ಕಾಲು ತೆಗೆಯುತ್ತ. ಟೇಪನ್ನು ಇಸಿದುಕೊಂಡು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಬೆರಳಾಡಿಸಿದ. ತಿರುಗಿಸಿ ಹಿಂಬದಿಯನ್ನೂ ನೋಡಿದ. "ತೊಳೆದುಬಿಟ್ರಾ?"

"ಅಮ್ಮ ಎಲ್ಲಾನೂ ತೊಳೆದ್ರು ಮಾಮಾ. ಸೂತಕ ಅಂತ."

"ಅಯ್ಯೋ. ಅದ್ರಲ್ಲೇ ತಾನೇ ಇರೋದು ಅಳತೆ!" ಅವನು ಹುಡುಗರ ಕಡೆ ನೋಡಿ ದನಿ ತಗ್ಗಿಸಿದ. "ಮಗ್ಗದ ಎಣ್ಣೆ ಕೈಯಲ್ಲೇ ಟೇಪು ಹಿಡಿದಿರ್ತಾನಲ್ಲ ನಿಮ್ಮಪ್ಪ. ಎದೆಗೊಂದು, ಸೊಂಟಕ್ಕೊಂದು, ಎರಡು ಕರಿ ಗುರುತು ಇರುತ್ತೆ. ತಂದು ಸುಮ್ನೆ ನನ್ ಕೈಗೆ ಇಡ್ತಾನೆ. ಇಷ್ಟು ಅಂತ ಬಾಯಿಬಿಟ್ಟು ಒಂದು ದಿನಾನೂ ಹೇಳ್ಲಿಲ್ಲ ಆ ಮನುಷ್ಯ. ನಾನೂ ಕೇಳ್ಲಿಲ್ಲ."

ಅಪ್ಪ ಇವನ ಕಿವಿಯಲ್ಲಾದರೂ ಹೇಳುತ್ತಿದ್ದನೆಂದೇ ಅವಳು ಇಷ್ಟು ದಿನ ಅಂದುಕೊಂಡಿದ್ದಳು.

"ಬೇಕಾದ್ರೆ ಒಳಗೆ ಬಾ, ನಾನೇ..." ಎಂದು ಅವನು ಎದ್ದ.

"ಇರಿ ಮಾಮಾ" ಎಂದು ಜನನಿ ಟೇಪನ್ನು ವಾಪಸು ತೆಗೆದುಕೊಂಡಳು.

ಶೆಡ್ಡಿನೊಳಗೆ ಅಪ್ಪ ಅರ್ಧಕ್ಕೆ ಬಿಟ್ಟ ಬಟ್ಟೆ ಮಗ್ಗದಲ್ಲೇ ಇತ್ತು. ಗೋಡೆಯಾಚೆ ಪಕ್ಕದ ಮನೆಯ ಮಗ್ಗ ಬಡಿಯುತ್ತಿತ್ತು. ಒಬ್ಬಳೇ ಸುತ್ತಿಕೊಳ್ಳಲು ಹೋದರೆ ಟೇಪು ಬೆನ್ನ ಹಿಂದೆ ಜಾರುತ್ತಿತ್ತು, ಹಿಡಿಯಲು ಇನ್ನೊಂದು ಕೈ ಬೇಕಿತ್ತು. ಕೊನೆಗೆ ಅದರ ಒಂದು ತುದಿಯನ್ನು ಮಗ್ಗದ ಮೊಳೆಗೆ ಸಿಕ್ಕಿಸಿ, ಇನ್ನೊಂದನ್ನು ಮೈಗೆ ಒತ್ತಿ ಹಿಡಿದು, ನೂಲು ಉರುಳೆಗೆ ಸುತ್ತಿಕೊಳ್ಳುವ ಹಾಗೆ ತಾನೇ ನಿಧಾನವಾಗಿ ತಿರುಗಿದಳು. ಮಗ್ಗದ ಹಲ್ಲುಚಕ್ರದ ಮೇಲೆ ಎಣ್ಣೆ ಇನ್ನೂ ಆರಿರಲಿಲ್ಲ. ಹೆಬ್ಬೆರಳಿಗೆ ಅದನ್ನು ಹಚ್ಚಿಕೊಂಡು ಎದೆಯ ಬಳಿ ಒತ್ತಿದಳು. ಬಿಚ್ಚಿ, ಮತ್ತೊಂದು ಸಲ ತಿರುಗಿ, ಸೊಂಟದ ಬಳಿ ಒತ್ತಿದಳು. ಯಾವ ಅಂಕಿಯ ಮೇಲೆ ಬಿತ್ತೆಂದು ನೋಡಲಿಲ್ಲ.

ಮತ್ತೆ ಅಂಗಡಿಗೆ ಬಂದಾಗ ದೀಪ ಹಾಕಿದ್ದರು. ಹುಡುಗರು ಅಲ್ಲೇ ಇದ್ದರು. ಅವಳು ಟೇಪನ್ನು ಮೈಲ್‌ಸಾಮಿಯ ಕೈಗಿಟ್ಟಳು. ಅವನು ಅದನ್ನು ಬೆಳಕಿಗೆ ಹಿಡಿದ.

"ಎಷ್ಟು?" ಒಳಗಿಂದ ಸುಬ್ಬಾತಾಳ್ ಕೇಳಿದಳು.

"ನೀನು ಅಡಿಗೆ ನೋಡು" ಎಂದ ಮೈಲ್‌ಸಾಮಿ. ಟೇಪನ್ನು ಒರೆಸದೆ ಕೊರಳಿಗೆ ಹಾಕಿಕೊಂಡು, ಸೀಮೆಸುಣ್ಣ ತೆಗೆದುಕೊಂಡು, ನೀಲಿ ಬಟ್ಟೆಯ ಮೇಲೆ ಬಾಗಿದ.

ಜನನಿ ಕರಿಯ ಹೆಬ್ಬೆರಳನ್ನು ಮುಷ್ಟಿಯೊಳಗಿಟ್ಟುಕೊಂಡು ಬಸ್ ಸ್ಟಾಪಿನ ಮುಂದೆ ನಡೆದು ಹೋದಳು.