ಬೀರುವಿನ ಬಲಬಾಗಿಲು

ಬಾಟಲಿಯ ಮುಚ್ಚಳವಿರಬೇಕು, ಬಿರುಕು ಬಿಟ್ಟ ಕೆಸರಿನಲ್ಲಿ ಹಸಿರಾಗಿ ಕಾಣುತ್ತಿರುವುದು, ಅಲ್ಲ, ಮುಚ್ಚಳ ಅಷ್ಟು ಉಬ್ಬಿರುವುದಿಲ್ಲ — ಕೆರೆ ಬತ್ತಿದ ಮೇಲೆ ಊರಿಗೆ ಊರೇ ನೋಡಲು ಬರುತ್ತಿದೆ, ಟೈರು, ಚಪ್ಪಲಿ, ಕಾಲು ಮುರಿದ ಕುರ್ಚಿ, ಜನ ಎಸೆದು ಕೈ ತೊಳೆದುಕೊಂಡದ್ದೆಲ್ಲ ಮೇಲೆ ಬಂದು ಕೂತಿದೆ, ಅವಳೂ ಸುಮ್ಮನೆ ನೋಡಲು ಬಂದವಳೇ, ಮಂಡಿ ನೋವೆಂದು ಅಂಗಡಿಗೂ ಹೋಗದ ಅಪ್ಪ ನಾನೂ ಬರ್ತೀನಿ ಎಂದು ಕೊಡೆ ಹಿಡಿದು ಹೊರಟಾಗಲೇ ಅನುಮಾನ ಬರಬೇಕಿತ್ತು, ಈಗ ದಡದಿಂದ ಕೂಗುತ್ತಿದ್ದಾರೆ, ಆ ಮೆಟ್ಟಿಲ ಕಡೆ ಹೋಗಬೇಡಮ್ಮಾ, ಹೂಳಿದೆ, ಕಾಲು ಹೂತುಹೋಗತ್ತೆ — ಬೇಡ ಎಂದ ಕಡೆಗೇ ಅವಳ ಕಾಲು ಹೋಗುವುದು, ಚಿಕ್ಕಂದಿನಿಂದ ಹಾಗೇ, ಬಗ್ಗಿ ಒರೆಸಿದಳು, ಹಿತ್ತಾಳೆ, ಗುಂಡು ಹಿಡಿ, ಮೇಲೆ ಕೊರೆದ ಹೂವು, ಇದರ ಜೋಡಿ ಇಂದಿಗೂ ನಡುಮನೆಯ ಮರದ ಬೀರುವಿನ ಎಡಬಾಗಿಲಲ್ಲಿದೆ, ಬಲಬಾಗಿಲಲ್ಲಿ ಬರೀ ತೂತು, ಬೆರಳು ಸಿಕ್ಕಿಸಿ ಎಳೆಯಬೇಕು, ಅಪ್ಪನೂ ಹಾಗೇ ಎಳೆಯುತ್ತಾರೆ, ದಿನಾ ಬೆಳಿಗ್ಗೆ, ಅಂಗಿಗಾಗಿ.

ಹೊಲಿಗೆ ಮೆಷಿನ್ನಿನ ಚಕ್ರದ ಹಿಡಿ ಮುರಿದಾಗ ಅಮ್ಮ ಬೀರುವಿನದನ್ನೇ ಬಿಚ್ಚಿ ಹಾಕಿದ್ದಳು, ಬೀರು ಹೇಗೋ ತೆಗೆಯಬಹುದು, ಹೊಲಿಗೆ ನಿಲ್ಲಬಾರದು ಕಣೇ ಎಂದು ನಕ್ಕಿದ್ದಳು, ಆಮೇಲೊಂದು ದಿನ ಮೆಷಿನ್ ಇಲ್ಲ, ಕಳ್ಳತನ ಎಂದವರು ಅಪ್ಪ, ಎರಡು ದಿನಕ್ಕೆ ಕೊಡಕ್ಕಾ ಎಂದು ಆಗಷ್ಟೇ ಕೇಳಿಹೋಗಿದ್ದ ಚಿಕ್ಕಮ್ಮನ ಮೇಲೆ ಅಮ್ಮನ ಅನುಮಾನ, ನೀನೇ ಒಯ್ದಿದ್ದೀಯ, ಒಡಹುಟ್ಟಿದವಳ ಹೊಟ್ಟೆ ಮೇಲೆ ಹೊಡೆದೆಯಲ್ಲೇ, ಚಿಕ್ಕಮ್ಮ ಹೊಸಿಲಲ್ಲಿ ನಿಂತು ಅಕ್ಕಾ, ನನ್ನ ಮಕ್ಕಳಾಣೆ, ಅಳುತ್ತಿದ್ದಾಳೆ, ಅಪ್ಪ ತಟ್ಟೆಯಿಂದ ತಲೆಯೆತ್ತದೆ ನೀರು ಕೊಡು ಎನ್ನುತ್ತಾರೆ, ತಂದುಕೊಟ್ಟವಳು ಮಗಳಾದ ಇವಳೇ, ಲೋಟ ಬರಿದಾಗುವವರೆಗೂ ಕುಡಿದರು, ಆವತ್ತಿನಿಂದ ಅಕ್ಕ ತಂಗಿ ಒಂದೇ ಬೀದಿಯ ಎರಡು ತುದಿ, ಎದುರಾದರೆ ಒಬ್ಬರು ರಸ್ತೆ ದಾಟುತ್ತಾರೆ, ಮೆಷಿನ್ ಕಾಣೆಯಾಗುವ ಮುಂಚೆ ಅಪ್ಪನ ಆಫೀಸಿನಲ್ಲಿ ಯಾರೋ ಟೈಲರಮ್ಮನ ಗಂಡ ಬಂದ್ರು ಎಂದರಂತೆ, ಅಷ್ಟಕ್ಕೇ, ಅಷ್ಟಕ್ಕೇ ಮುಖ ಊದಿಸಿಕೊಂಡು ತಿರುಗಿದ ಮನುಷ್ಯ ತನ್ನ ಮಾನ ಉಳಿಸಿಕೊಳ್ಳಲು ಮೆಷಿನ್ನಿನ ಜೊತೆ ಚಿಕ್ಕಮ್ಮನ ಮಾನವನ್ನೂ ಸೇರಿಸಿ ನೀರಿಗೆ ಎಸೆದರು.

ಉಗುರಿನಿಂದಲೇ ಕೆಸರು ಕೆದರಿದಳು, ಚಕ್ರ ಬಂತು, ಮೆಷಿನ್ನಿನ ಕತ್ತು ಬಂತು, ಪಕ್ಕದಲ್ಲಿ ಕೊಡೆಯ ನೆರಳು, ಹೂಳಿಗೆ ಹೆದರದೆ ಹೇಗೆ ಬಂದರೋ, ಯಾರೋ ಕಳ್ಳ ಎಸೆದಿರಬೇಕಮ್ಮ, ಕಳ್ಳ ಮಾರಿಕೊಳ್ತಾನೆ ಅಪ್ಪಾ, ಕೆರೆಗೆ ಯಾಕೆ ಎಸೀತಾನೆ, ಕೊಡೆ ಈ ಕೈಯಿಂದ ಆ ಕೈಗೆ ಹೋಯಿತು, ಅಮ್ಮಂಗೆ ಹೇಳಬೇಡ, ಮರೆತಿದ್ದಾಳೆ ಪಾಪ — ಮರೆತಿದ್ದಾಳಂತೆ, ಮಧ್ಯಾಹ್ನ ಮಲಗಿದರೆ ಸಾಕು, ಅಮ್ಮನ ಬಲಗೈ ಹೊದಿಕೆಯ ಮೇಲೆ ಸುತ್ತುತ್ತದೆ, ಸುತ್ತುತ್ತಲೇ ಇರುತ್ತದೆ, ಕೈ ನೋವಾ ಎಂದರೆ ಏನಿಲ್ಲ ಬಿಡು ಎನ್ನುತ್ತಾಳೆ, ಇದನ್ನು ಹೊತ್ತೊಯ್ಯಬೇಕು, ಮೊದಲು ಚಿಕ್ಕಮ್ಮನ ಹೊಸಿಲಿಗೆ, ಅವಳನ್ನೂ ಕರೆದುಕೊಂಡು ಅಮ್ಮನ ಮುಂದೆ, ಅಪ್ಪ ಬೇಕಾದರೆ ಇಲ್ಲೇ ನಿಂತಿರಲಿ, ಹಿಡಿಯನ್ನು ತಿರುಗಿಸಿ ನೋಡಿದಳು, ತುಕ್ಕು ಕಚ್ಚಿದ ಚಕ್ರ ಮಿಸುಕಲಿಲ್ಲ, ಜೋರಾಗಿ, ಇನ್ನೂ ಜೋರಾಗಿ, ಬಿಡಮ್ಮಾ ಎಂದು ಅಪ್ಪ ಚಾಚಿದ ಕೈ, ಆ ಬೆರಳು, ಗೊತ್ತಿದ್ದೂ ದಿನಾ ಬೆಳಿಗ್ಗೆ, ಅಮ್ಮನ ಎದುರಿಗೇ, ಬೀರುವಿನ ತೂತಿಗೆ ಸಿಕ್ಕಿಸಿ ಎಳೆಯುತ್ತಿದ್ದ ಬೆರಳು, ಇವತ್ತು ಬೆಳಿಗ್ಗೆಯೂ, ಆ ತೂತು, ಆ ಬೆರಳು.