ಮಾವನ ಮನೆಗೆ ಕಳಿಸಿದ ಬಣ್ಣ

ಬಣ್ಣದ ಮೇಸ್ತ್ರಿಗಳು ಅಳಿಯನ ಮನೆಯ ಮೆಟ್ಟಿಲು ಹತ್ತಿದ್ದೇ ಜಗಳಕ್ಕೆ. ಬಸ್ಸಿನಲ್ಲಿ ಬರುವಾಗಲೇ ಆಡಬೇಕಾದ ಮಾತುಗಳನ್ನು ಒಂದೊಂದಾಗಿ ಮಸೆದು ಇಟ್ಟುಕೊಂಡಿದ್ದರು. ಮೂವತ್ತೆಂಟು ವರ್ಷ ನೂಲಿಗೆ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ದುಡಿದವರು. ಕೆಲಸ ಬಿಟ್ಟು ಒಂಬತ್ತು ವರ್ಷವಾಗಿದ್ದರೂ ಮೇಸ್ತ್ರಿ ಎಂಬ ಹೆಸರು ಅವರನ್ನು ಬಿಟ್ಟಿರಲಿಲ್ಲ.

ಹೆಂಡತಿ ತೀರಿಕೊಂಡು ಮೂರು ತಿಂಗಳು. ಆಕೆ ಇಪ್ಪತ್ತು ವರ್ಷ ಹಾಡಿದ ಪ್ರಾರ್ಥನಾ ಮಂದಿರದಲ್ಲಿ ಬರುವ ಭಾನುವಾರ ಆಕೆಯ ನೆನಪಿಗೆಂದು ಜನ ಸೇರುವವರಿದ್ದರು. ಅಲ್ಲಿ ತೋರಿಸಲು ಹನ್ನೆರಡು ನಿಮಿಷದ ವಿಡಿಯೊ ಮಾಡಿಕೊಡುವುದು ಅಳಿಯನ ಪಾಲಿಗೆ ಬಂದಿತ್ತು. ವಿಡಿಯೊ ಎಡಿಟಿಂಗೇ ಅವನ ಕಸುಬು.

ಅದು ನಿನ್ನೆ ಬಂದಿತ್ತು. ಟಿವಿಯಲ್ಲಿ ಹಾಕಿ ನೋಡಿದರೆ ಆಕೆಯ ಮುಖಕ್ಕೆ ಬೂದಿ ಬಳಿದಂತಿತ್ತು. ಕಣ್ಣಿನ ಕಪ್ಪು ಹೊಗೆಯ ಬಣ್ಣಕ್ಕೆ ತಿರುಗಿತ್ತು. ದಾಳಿಂಬೆ ಕೆಂಪಿನ ಶಾಲು, ಮೇಸ್ತ್ರಿಗಳೇ ಕೈಯಾರೆ ಬಣ್ಣ ಹಾಕಿ ಕೊಟ್ಟದ್ದು, ಒಗೆದು ಒಗೆದು ಸೋತ ಚಿಂದಿಯಂತೆ ಕಾಣುತ್ತಿತ್ತು. ಕೊನೆಯ ವಾರ ಆಸ್ಪತ್ರೆಯಲ್ಲಿ ಆಕೆ ಹೀಗೆಯೇ ಕಂಡಿದ್ದಳು. ಆ ಮುಖ ಮರೆಯಾಗಲಿ, ಹಾಡುವಾಗಿನ ಮುಖ ಉಳಿಯಲಿ ಎಂದು ಅವರು ದಿನವೂ ಎರಡು ಹೊತ್ತು ದೇವರಲ್ಲಿ ಬೇಡುತ್ತಿದ್ದರು. ಈಗ ಆ ಆಸ್ಪತ್ರೆಯ ಮುಖವನ್ನೇ ಅಳಿಯ ಮಂದಿರದ ಜನರೆಲ್ಲರಿಗೂ ತೋರಿಸಲು ಹೊರಟಿದ್ದ.

ಪರದೆ ಎಳೆದ ಸಣ್ಣ ಕೋಣೆ. ಮೇಜಿನ ಮೇಲೆ ಎರಡು ಮಾನಿಟರುಗಳು, ಅಕ್ಷರ ಸವೆದ ಕೀಬೋರ್ಡು, ತಣ್ಣಗಾದ ಚಹಾದ ಲೋಟ.

“ಬನ್ನಿ ಮಾವ” ಎಂದನೇ ಹೊರತು ಅಳಿಯ ಕುರ್ಚಿಯಿಂದ ಏಳಲಿಲ್ಲ.

“ನಿಮ್ಮತ್ತೆ ಮೇಲಿನ ಸಿಟ್ಟನ್ನ ಹೀಗೆ ತೀರಿಸ್ಕೊಂಡ್ರಾ, ಅಳಿಯಂದ್ರೇ?”

“ಅತ್ತೆ ಮೇಲೆ ನಂಗೆ ಸಿಟ್ಟಿರಲಿಲ್ಲ. ಯಾರ ಮೇಲಿದೆ ಅಂತ ನಿಮಗೂ ಗೊತ್ತು.”

“ಅದಕ್ಕೇ ಅವಳ ಮುಖಕ್ಕೆ ಬೂದಿ ಬಳಿದ್ರಾ?”

ಅಳಿಯ ಮಾನಿಟರನ್ನು ಅವರ ಕಡೆ ತಿರುಗಿಸಿ ಒಂದು ಗುಂಡಿ ಒತ್ತಿದ. ಆಕೆ ಹಾಡುತ್ತಿದ್ದಳು. ಗೋಧಿಬಣ್ಣದ ಕೆನ್ನೆ, ಹೊಳೆಯುವ ಕಪ್ಪು ಕಣ್ಣು, ಶಾಲು ಅಚ್ಚ ದಾಳಿಂಬೆ. ಬದುಕಿದ್ದಾಗಿನ ಆಕೆಗೂ ಇದಕ್ಕೂ ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

“ಕಾಣಿಸ್ತಾ? ನಾನು ಮಾಡಿದ್ದು ಇದು.”

“ಇವಳು ನನ್ನ ಹೆಂಡ್ತಿ. ಸರಿ. ಹಾಗಾದ್ರೆ ನಮ್ಮನೆಗೆ ಕಳಿಸಿದ್ದು ಯಾರ ಹೆಂಡ್ತೀನ?”

“ನಿಮ್ಮ ಟಿವಿ ಕೆಟ್ಟಿರ್ಬೇಕು.”

ಮೇಸ್ತ್ರಿಗಳು ಜೇಬಿನಿಂದ ಫೋನು ತೆಗೆದು ಅವನ ಮೂಗಿನ ಹತ್ತಿರ ಹಿಡಿದರು. ಅದರಲ್ಲೂ ಬೂದಿ ಮುಖ. “ಇದೂ ಕೆಟ್ಟಿದೆಯಾ? ನನ್ನ ಕೈಗೆ ಬಂದದ್ದೆಲ್ಲ ಕೆಡುತ್ತಾ?”

ಅಳಿಯನಿಗೆ ಒಳಗೊಳಗೇ ಅಳುಕಾಯಿತು. ಆದರೆ ಸೋಲುವ ಆಸಾಮಿಯಲ್ಲ. ಫೋನು ಒಂದು ಥರ ತೋರಿಸುತ್ತದೆ, ಟಿವಿ ಇನ್ನೊಂದು ಥರ, ಎಡಿಟಿಂಗ್ ಸಾಫ್ಟ್‌ವೇರ್ ಮತ್ತೊಂದು ಥರ, ಇದೆಲ್ಲ ನಿಮಗೆ ಅರ್ಥವಾಗುವ ವಿಷಯವಲ್ಲ ಎಂದು ಪಾಠ ಒಪ್ಪಿಸಿದ.

“ಗಿರಾಕಿ ಬಟ್ಟೆ ವಾಪಸ್ ತಂದಾಗ ನಾವೂ ಇದೇ ರಾಗ ಎಳೀತಿದ್ವಿ” ಎಂದರು ಮೇಸ್ತ್ರಿಗಳು. “ನಿಮ್ಮ ಅಂಗಡಿ ದೀಪ ಸರಿಯಿಲ್ಲ ಸ್ವಾಮಿ, ಅಂತ. ಆಮೇಲೆ ನಮ್ಮ ತುಂಡು, ಅವನ ತುಂಡು ಎರಡನ್ನೂ ಒಂದೇ ಕಿಟಕಿ ಕೆಳಗೆ ಪಕ್ಕಪಕ್ಕ ಇಟ್ಟಾಗ ನಮ್ಮ ಬಾಯಿ ಬಿದ್ದುಹೋಗ್ತಿತ್ತು. ಇಡಿ ನೋಡೋಣ. ನಂಗೆ ಕಳಿಸಿದ್ದನ್ನೂ ಇದೇ ಮಾನಿಟರ್‌ನಲ್ಲಿ, ಇದರ ಪಕ್ಕಕ್ಕೇ ಇಡಿ.”

“ಇದು ಬಟ್ಟೆಯಲ್ಲ ಮಾವ.”

“ನೋಡೋ ಕಣ್ಣು ಅದೇ ಅಲ್ವಾ?”

ಇವರ ಬಾಯಿ ಮುಚ್ಚಿಸಿದರೆ ಸಾಕೆಂದು ಅಳಿಯ ಕಳಿಸಿದ್ದ ಫೈಲನ್ನು ಮತ್ತೆ ಸಾಫ್ಟ್‌ವೇರ್ ಒಳಗೆ ತಂದು, ಮೂಲದ ಪಕ್ಕಕ್ಕೆ ಕೂರಿಸಿದ. ಒಂದೇ ಗಾಜು, ಒಂದೇ ಬೆಳಕು, ಒಬ್ಬಳೇ ಹೆಂಗಸು. ಎಡಕ್ಕೆ ಜೀವ, ಬಲಕ್ಕೆ ಬೂದಿ.

ಅವನ ಬಾಯಿಯೂ ಬಿದ್ದುಹೋಯಿತು.

“ತೊಟ್ಟೀಲಿ ಬಣ್ಣ ಸರಿಯಿದೆ, ಹೊರಗೆ ಬರೋ ದಾರೀಲಿ ಕೆಟ್ಟಿದೆ” ಎಂದರು ಮೇಸ್ತ್ರಿಗಳು. ಅವರ ದನಿಯಲ್ಲಿ ಖುಷಿಯೇ ಇತ್ತು. “ತೆಗೀರಿ ಆ ಬಾಗಿಲನ್ನ. ಯಾರು ಕೂತಿದ್ದಾರೆ ನೋಡೋಣ.”

ವಿಡಿಯೊವನ್ನು ಫೈಲಾಗಿ ಹೊರಗೆ ತೆಗೆಯುವ ಕಡೆ ಒಂದು ಪಟ್ಟಿ ಇತ್ತು. ಅದನ್ನು ತೆರೆದ ಅಳಿಯನ ಕೈ ಗಕ್ಕನೆ ನಿಂತಿತು. ಮರುಕ್ಷಣ ಅವಸರವಾಗಿ ಅದನ್ನು ಮುಚ್ಚಲು ಹೋದ.

“ನಿಲ್ಲಿಸಿ! ಏನಿತ್ತು ಅಲ್ಲಿ? ಓದಿದೆ ನಾನು. ‘ಮಾವನ ಮನೆ’ ಅಂತಿತ್ತು.”

“ಏನಿಲ್ಲ, ಒಂದು ಸೆಟ್ಟಿಂಗು.”

“ನನ್ನ ಮನೆಗೆ ಅಂತಲೇ ಬೇರೆ ಬಣ್ಣವಾ? ಮಗಳೇ! ಬಾ ಇಲ್ಲಿ, ನಿನ್ನ ಗಂಡನ ಕೈಚಳಕ ನೋಡು ಬಾ!”

ಮಗಳು ಒದ್ದೆ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ಬಂದು ನಿಂತಳು. “ಅಪ್ಪ, ಮೆಲ್ಲಗೆ. ಪಕ್ಕದ ಮನೆಯವರಿಗೆ ಕೇಳಿಸುತ್ತೆ.”

“ಕೇಳಿಸ್ಲಿ!”

ಅಳಿಯ ಕುರ್ಚಿ ತಿರುಗಿಸಿ ನೇರವಾಗಿ ಅವರನ್ನು ನೋಡಿದ. “ಅದನ್ನ ಮಾಡಿಸಿದ್ದು ಅತ್ತೆ.”

ಮೂರು ವರ್ಷದ ಹಿಂದಿನ ಮಾತು ಅದು. ಮೊಮ್ಮಗಳ ಶಾಲೆಯ ನಾಟಕದ ವಿಡಿಯೊವನ್ನು ಟಿವಿಯಲ್ಲಿ ನೋಡಿದ ಮೇಸ್ತ್ರಿಗಳು, ಹತ್ತು ಜನ ನೆಂಟರ ಎದುರು, ‘ಮಗೂನ ಇದ್ದಿಲ ಮೂಟೆ ಮಾಡಿಟ್ಟಿದ್ದಾನೆ, ಇವನಿಗೆ ಯಾರಪ್ಪ ಕೆಲಸ ಕೊಡ್ತಾರೆ’ ಎಂದಿದ್ದರು. ಅಂದಿನಿಂದ ಅಳಿಯ ಆ ಮನೆಗೆ ಹೋಗುವುದನ್ನೇ ಬಿಟ್ಟಿದ್ದ.

“ಕಪ್ಪು ಮಾಡ್ತಿದ್ದದ್ದು ನಿಮ್ಮ ಹಳೇ ಟಿವಿ. ಅತ್ತೆಗೆ ಅದು ಗೊತ್ತಿತ್ತು. ಆ ನಾಟಕ ಆದ ವಾರಕ್ಕೇ ಒಬ್ರೇ ಬಂದು ಈ ಕೋಣೇಲಿ ಒಂದು ಗಂಟೆ ಕೂತಿದ್ರು. ‘ಅವರು ನಿನ್ನ ಬೈಯೋದನ್ನ ಕೇಳೋಕೆ ನನ್ನ ಕೈಲಾಗಲ್ಲ ಕಣಪ್ಪ, ನಮ್ಮನೆಗೆ ಕಳಿಸೋದಕ್ಕೆ ಮಾತ್ರ ಒಂಚೂರು ಬೆಳಕು ಜಾಸ್ತಿ ಮಾಡು’ ಅಂದ್ರು. ಮಾಡ್ದೆ. ಅವತ್ತಿಂದ ನಿಮ್ಮನೆಗೆ ಹೋಗೋದೆಲ್ಲ ಇದರಲ್ಲೇ ಹೋಗುತ್ತೆ. ಇಲ್ಲಿ ನಂಗೆ ಮೂಲ ಮಾತ್ರ ಕಾಣುತ್ತೆ, ಅದು ಯಾವಾಗ್ಲೂ ಸರಿಯಾಗೇ ಇರುತ್ತೆ.”

“ಆ ಟಿವಿ ಹೋಗಿ ಹೊಸದು ಬಂದು ಎಂಟು ತಿಂಗಳಾಯ್ತಲ್ರೀ, ಹೆಚ್ಚಿಸಿದ ಆ ಬೆಳಕೇ ಈಗ ಬೂದಿ ಥರ ಕಾಣೋದು” ಎಂದಳು ಮಗಳು ಮೆಲ್ಲಗೆ.

“ನಂಗೆ ಯಾರು ಹೇಳಿದ್ರು?”

“ಅವಳು ಹೋದ ದಿನ ಬಂದಿದ್ರಲ್ಲ” ಎಂದರು ಮೇಸ್ತ್ರಿಗಳು.

“ಟಿವಿ ಯಾವುದಿದೆ ಅಂತ ನೋಡೋಕೆ ಬಂದಿರಲಿಲ್ಲ ಮಾವ.”

ಆಮೇಲೆ ಅಳಿಯನೇ, ಯಾರೂ ಕೇಳದಿದ್ದರೂ ಹೇಳಿದ: “ಬೇರೆ ಗಿರಾಕಿಗಾದ್ರೆ ಕಳಿಸೋ ಮುಂಚೆ ಫೈಲ್ ತೆಗೆದು ಪೂರ್ತಿ ನೋಡ್ತೀನಿ. ಇದನ್ನ ನೋಡಲಿಲ್ಲ. ಹೇಗಿದ್ರೂ ಬೈಯ್ತಾರೆ, ನೋಡಿ ಏನು ಪ್ರಯೋಜನ ಅಂದ್ಕೊಂಡೆ. ಅಷ್ಟು ತಪ್ಪು ನನ್ನದು.”

ಮೇಸ್ತ್ರಿಗಳಿಗೆ ಆ ತಪ್ಪು ಬೇಕಿರಲಿಲ್ಲ. ಅವರ ಮನಸ್ಸು ಬೇರೆಲ್ಲೋ ಸಿಕ್ಕಿಕೊಂಡಿತ್ತು. ಮಂಡಿ ನೋವಿನ ಆ ಹೆಂಗಸು ಎರಡು ಬಸ್ಸು ಬದಲಿಸಿ, ಈ ಮೆಟ್ಟಿಲು ಹತ್ತಿ, ತನ್ನ ಗಂಡನ ನಾಲಿಗೆಗೆ ಹೆದರಿ ಇಲ್ಲಿ ಬಂದು ಕೂತಿದ್ದಳು. ಮನೆಗೆ ಬಂದು ಮಂದಿರಕ್ಕೆ ಹೋಗಿದ್ದೆ ಎಂದಿರಬೇಕು, ಅವರು ನಂಬಿರಬೇಕು. ನಲವತ್ತೊಂದು ವರ್ಷ ದೇವರ ಮುಂದೆ ಪಕ್ಕದಲ್ಲೇ ಕೂತು ಕಣ್ಣು ಮುಚ್ಚಿದವಳು. ಆಕೆಯ ಬದುಕಿನ ಒಂದು ಗಂಟೆ ಅವರಿಗೆ ಗೊತ್ತಿಲ್ಲದೆ ಇವನ ಬಳಿ ಉಳಿದುಹೋಗಿತ್ತು. ದೇವರೇ ಕ್ಷಮಿಸು ಎಂದು ಒಳಗೇ ಅಂದುಕೊಂಡರು. ದೇವರ ಮುಂದೆ ಆ ಮಾತು ಸಲೀಸಾಗಿ ಬಂತು. ಎದುರಿಗಿದ್ದವನ ಮುಂದೆ ಬರಲಿಲ್ಲ.

“ಸಾಯೋವರೆಗೂ ನಂಗೆ ಒಂದು ಮಾತು ಹೇಳಲಿಲ್ಲ ಅವಳು.”

“ಹೇಳಿದ್ರೆ ನೀವು ಸುಮ್ನೆ ಬಿಡ್ತಿದ್ರಾ?” ಎಂದ ಅಳಿಯ.

ಆ ಸೆಟ್ಟಿಂಗು ಬಿಟ್ಟು, ಮಾಮೂಲಿನದರಲ್ಲಿ ಫೈಲನ್ನು ಮತ್ತೆ ಹೊರಗೆ ತೆಗೆದ. ಹನ್ನೊಂದು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಒಬ್ಬರು ಗೋಡೆ ನೋಡಿದರು, ಇನ್ನೊಬ್ಬ ಮಾನಿಟರು ನೋಡಿದ. ಮಗಳು ತಂದಿಟ್ಟ ನೀರನ್ನು ಇಬ್ಬರೂ ಮುಟ್ಟಲಿಲ್ಲ.

ಫೋನಿಗೆ ಬಂದದ್ದನ್ನು ಹಿಡಿದುಕೊಂಡು ಮೇಸ್ತ್ರಿಗಳು ಪರದೆ ಸರಿಸಿ ಕಿಟಕಿಗೆ ಹೋದರು. ಕೆನ್ನೆ ನೋಡಿದರು, ಕಣ್ಣು ನೋಡಿದರು, ಶಾಲಿನ ಅಂಚು ನೋಡಿದರು.

“ಸರಿ ಇದೆ.”

“ಏನಂದ್ರಿ? ಕೇಳಿಸಲಿಲ್ಲ.”

“ಸರಿ ಇದೆ ಅಂದೆ. ಊರಿಗೆಲ್ಲ ಡಂಗುರ ಸಾರ್ಬೇಕಾ?”

“ಇದ್ದಿಲ ಮೂಟೆ ಅಂತ ಸಾರಿದ್ರಲ್ಲ.”

ಮೇಸ್ತ್ರಿಗಳು ಚಪ್ಪಲಿ ಹಾಕಿಕೊಳ್ಳಲು ಹೊರಟರು. ಹಿಂದಿನಿಂದ ಅಳಿಯ ಕೇಳಿದ: “ಆ ಸೆಟ್ಟಿಂಗ್ ಇನ್ಯಾಕೆ? ಅಳಿಸಿಬಿಡ್ತೀನಿ.”

ಮೇಸ್ತ್ರಿಗಳು ಸರಕ್ಕನೆ ತಿರುಗಿದರು. “ಅವಳು ಕೂತು ಮಾಡಿಸಿದ್ದು ಅದು. ಅಳಿಸೋಕೆ ನೀವ್ಯಾರು?”

“ಇಟ್ಕೊಂಡು, ಇನ್ನೊಂದ್ಸಲ ಕೈತಪ್ಪಿ ಬಿಳಿಚಿಕೊಂಡು ಬಂದ್ರೆ ನನ್ನ ಕೇಳ್ಬೇಡಿ ಮತ್ತೆ.”

“ಕೇಳ್ತೀನಿ” ಎಂದರು ಮೇಸ್ತ್ರಿಗಳು, ಮೆಟ್ಟಿಲ ಕಟಕಟೆ ಹಿಡಿಯುತ್ತಾ. “ಇಲ್ಲಿಗೇ ಬಂದು ಕೇಳ್ತೀನಿ.”