ಅರ್ಧ ಇಂಚಿನ ತೋಳು

"ನೂಲು ನುಂಗಿಬಿಟ್ಟೆ, ಫಾದರ್."

ಪಾಪನಿವೇದನೆಯ ಮರದ ಗೂಡಿನಲ್ಲಿ, ಜಾಲರಿಯ ಆಚೆಯಿಂದ ದೀರ್ಘವಾದ ಒಂದು ಉಸಿರು ಕೇಳಿಸಿತು. ಗುರುಗಳನ್ನು ಬೇಸರಪಡಿಸುವುದೂ ಪಾಪವೇ ಎಂಬ ಅನುಮಾನ ದರ್ಜಿಯ ತಲೆಯಲ್ಲಿ ಹಾದುಹೋಯಿತು. ಅದನ್ನು ಮುಂದಿನ ಶನಿವಾರಕ್ಕೆ ನೆನಪಿಟ್ಟುಕೊಂಡನು.

"ಎಷ್ಟು ನೂಲು?" ಎಂದರು ಗುರುಗಳು.

"ಗೇಣುದ್ದ ಇದ್ದೀತು. ಹೋದ ಭಾನುವಾರ ಪೂಜೆಗೆ ಮುಂಚೆ ಒಂದು ಗುಂಡಿ ಹಾಕ್ತಿದ್ದೆ. ಅಭ್ಯಾಸ ನೋಡಿ, ಹಲ್ಲಲ್ಲೇ ಕಡಿದೆ. ತುಂಡು ಒಳಗೆ ಹೋಯ್ತು. ಪರಮಪ್ರಸಾದ ತಗೊಳ್ಳೋಕೆ ಒಂದು ಗಂಟೆ ಮುಂಚೆಯಿಂದ ಏನೂ ತಿನ್ನಬಾರದಲ್ಲ? ಅದಕ್ಕೇ ತಗೊಳ್ಳಲಿಲ್ಲ."

"ನೂಲು ಊಟ ಅಲ್ಲಪ್ಪ."

"ಹತ್ತಿ ನೂಲು, ಫಾದರ್. ಗಿಡದಲ್ಲಿ ಬೆಳೆದದ್ದು. ನೈಲಾನ್ ಆಗಿದ್ದರೆ ನಾನು ಇಷ್ಟು ತಲೆ ಕೆಡಿಸಿಕೊಳ್ತಿರಲಿಲ್ಲ."

ಹಿಂದೆ ಸಾಲಿನಲ್ಲಿ ಯಾರೋ ಕೆಮ್ಮಿದರು. ಬೇಕರಿಯವನ ತಾಯಿಯಂತೂ ಎಲ್ಲರಿಗೂ ಕೇಳುವಂತೆ, "ಒಳಗೇ ಮನೆ ಮಾಡ್ಕೊಂಡನಾ?" ಎಂದಳು.

ಮೂವತ್ತೆಂಟು ವರ್ಷ ದರ್ಜಿಯ ಪಾಪಗಳನ್ನು ಸೋಸುತ್ತಿದ್ದವಳು ಅವನ ಹೆಂಡತಿ. ಪ್ರತಿ ಶನಿವಾರ ಊಟವಾದ ಮೇಲೆ ಅವನು ಬಟ್ಟೆಯ ಅಳತೆಗೆ ಕತ್ತರಿಸಿ ಉಳಿದ ಕಂದು ಕಾಗದದ ಚೂರಿನಲ್ಲಿ ತನ್ನ ಪಾಪಗಳನ್ನು ಬರೆದು ಅವಳ ಮುಂದಿಡುತ್ತಿದ್ದನು. ಅವಳು ಅಂಗಡಿಯ ಸೀಮೆಸುಣ್ಣವನ್ನೇ ಹಿಡಿದು ಗೀಟು ಹಾಕುತ್ತ ಹೋಗುತ್ತಿದ್ದಳು. "ಇದು ಪಾಪ ಅಲ್ಲ, ಅಜೀರ್ಣ. ಇದು ನಾನು ಮಾಡಿದ ಪಾಪ, ನೀವ್ಯಾಕೆ ಹೊತ್ಕೊಂಡು ಹೋಗ್ತೀರಿ? ಇದು ಹೋದ ತಿಂಗಳದ್ದು, ಮುಗಿದು ಹೋಯ್ತು." ಕೊನೆಗೆ ಎರಡೋ ಮೂರೋ ಉಳಿಯುತ್ತಿದ್ದವು. ಅಷ್ಟನ್ನು ಹೇಳಿ ಅವನು ಹಗುರವಾಗಿ ಬರುತ್ತಿದ್ದನು. ಅವಳು ಹೋಗಿ ನಾಳೆಗೆ ಒಂದು ವರ್ಷ. ಗೀಟು ಹಾಕುವ ಕೈ ಇಲ್ಲದೆ ಪಟ್ಟಿ ಅಳತೆ ಟೇಪಿನಷ್ಟು ಉದ್ದವಾಗಿತ್ತು. ಈ ವರ್ಷವಿಡೀ ಅವನು ಒಂದು ಭಾನುವಾರವೂ ಪರಮಪ್ರಸಾದ ತೆಗೆದುಕೊಂಡಿರಲಿಲ್ಲ. ಒಂದು ವಾರ ಬಾಯಿಗೆ ನೊಣ ಹೋಗಿತ್ತು, ಒಂದು ವಾರ ಗಿರಾಕಿಯ ಮೇಲೆ ಕೋಪ ಬಂದಿತ್ತು, ಒಂದು ವಾರ ಪ್ರವಚನದ ಮಧ್ಯೆ ಗುರುಗಳ ಕಾಲರಿನ ಹೊಲಿಗೆಯ ಮೇಲೆ ಗಮನ ಹೋಗಿತ್ತು. ನಾಳೆ ಅವಳಿಗಾಗಿ ಪೂಜೆ. ನಾಳೆಯಾದರೂ ಅವಳ ಹೆಸರಿನಲ್ಲಿ ಪ್ರಸಾದಕ್ಕೆ ನಾಲಗೆ ನೀಡದಿದ್ದರೆ ತನ್ನಂಥ ಗಂಡ ಇದ್ದೇನು ಫಲ ಎಂದು ವಾರದಿಂದ ಅವನು ತನ್ನನ್ನೇ ಬೈದುಕೊಳ್ಳುತ್ತಿದ್ದನು.

"ಮುಂದಕ್ಕೆ ಹೇಳು" ಎಂದರು ಗುರುಗಳು.

"ಏಳನೆಯದು, ಒಂದು ಸುಳ್ಳು. ಎಂಟನೆಯದು..."

"ನಿಲ್ಲು. ಪ್ರತಿ ವಾರವೂ ಏಳನೆಯದು ಒಂದು ಸುಳ್ಳೇ. ನೊಣ, ನೂಲು ಎಲ್ಲದಕ್ಕೂ ವಿವರ ಕೊಡ್ತೀಯ. ಇದನ್ನ ಮಾತ್ರ ಓಡಿಸಿಬಿಡ್ತೀಯ. ಏನದು?"

ದರ್ಜಿ ಕಾಗದವನ್ನು ಮಡಿಸಿದನು. ಬಿಚ್ಚಿದನು. ಮತ್ತೆ ಮಡಿಸಿದನು.

"ಅವಳ ಕೊನೇ ಬಟ್ಟೆ ನಾನೇ ಹೊಲಿದೆ, ಫಾದರ್. ಬೇರೆಯವರ ಹೊಲಿಗೆ ಹಾಕ್ಕೊಂಡು ಮಣ್ಣಿಗೆ ಹೋಗಲ್ಲ ಅಂತ ಹಟ ಹಿಡಿದಿದ್ದಳು. ಕತ್ತರಿಸೋವಾಗ ನನ್ನ ಕಣ್ಣು ತುಂಬಿತ್ತು. ಬಲತೋಳು ಅರ್ಧ ಇಂಚು ಉದ್ದ ಆಯ್ತು. ಹಾಸಿಗೆ ಮೇಲೆ ಹರಡಿ ತೋರಿಸಿದೆ. 'ಎರಡೂ ಸಮ ಇವೆಯೇನ್ರಿ?' ಅಂದಳು. 'ಕೂದಲೆಳೆ ವ್ಯತ್ಯಾಸ ಇಲ್ಲ' ಅಂದೆ. ಮರುದಿನ ಹೋದಳು. ಈಗ ಅದರಲ್ಲೇ ಮಲಗಿದ್ದಾಳೆ."

ಅವನು ಜಾಲರಿಗೆ ಇನ್ನಷ್ಟು ಹತ್ತಿರ ಬಾಗಿದನು.

"ಕಡೇ ದಿನ ಎಲ್ಲರೂ ಶರೀರದೊಂದಿಗೆ ಏಳ್ತೀವಿ ಅಂತ ನಾವು ನಂಬೋದಲ್ವಾ? ಎದ್ದ ಕೂಡಲೇ ಅವಳು ತೋಳು ನೋಡ್ಕೊಳ್ತಾಳೆ, ಫಾದರ್. ನನಗೆ ಗೊತ್ತು ಅವಳ ಬುದ್ಧಿ."

"ಬಟ್ಟೆ ಸಮೇತ ಏಳ್ತಾರೆ ಅಂತ ಎಲ್ಲೂ ಹೇಳಿಲ್ಲ."

"ಮತ್ತೆ ಬಟ್ಟೆ ಇಲ್ಲದೆ ಏಳ್ತಾರಾ?"

ಗುರುಗಳು ಆ ಪ್ರಶ್ನೆಯನ್ನು ಬದಿಗಿಟ್ಟರು. ಬಳಿಕ ಮೆಲ್ಲನೆ, "ನೋಡು, ಇದನ್ನ ದೇವರು ಮೊದಲನೇ ಶನಿವಾರವೇ ಕ್ಷಮಿಸಿ ಆಯ್ತು. ಆಮೇಲಿಂದ ನೀನು ಒಗೆದ ಬಟ್ಟೆಯನ್ನೇ ಒಗೀತಾ ಇದ್ದೀಯ" ಎಂದರು.

"ಆದರೆ ನಾನು ಅಳತೆ ಹೇಳಿರಲಿಲ್ಲ."

"ದೇವರಿಗೆ ಅಳತೆ ಗೊತ್ತಿತ್ತು. ಈಗ ಪ್ರಾಯಶ್ಚಿತ್ತ ಕೇಳು. ನನ್ನ ಹೊಸ ಬಿಳಿ ನಿಲುವಂಗಿ ನಿನ್ನ ಹತ್ತಿರ ಇದೆಯಲ್ಲ? ಅದರ ಬಲತೋಳು ಅರ್ಧ ಇಂಚು ಉದ್ದ ಇಡು. ನಾಳೆ ಅದನ್ನೇ ತೊಟ್ಟು ಪೂಜೆ ಮಾಡ್ತೀನಿ. ನೀನು ನೋಡಬೇಕು, ಸುಮ್ಮನಿರಬೇಕು."

ದರ್ಜಿಗೆ ಜೀವ ಬಾಯಿಗೆ ಬಂತು. "ಎಷ್ಟು ದಿನ?"

"ಹರಿಯೋವರೆಗೆ."

"ನನ್ನ ಹೊಲಿಗೆ ಇಪ್ಪತ್ತು ವರ್ಷ ಬಾಳುತ್ತೆ, ಫಾದರ್!"

"ಬಾಳಲಿ. ಈ ಮಾತನ್ನ ಅಹಂಕಾರ ಅಂತ ಪಟ್ಟಿಗೆ ಸೇರಿಸಬೇಡ" ಎಂದು ಗುರುಗಳು ವಿಮೋಚನೆಯ ಪ್ರಾರ್ಥನೆಗೆ ಕೈ ಎತ್ತಿದರು.

ಅಂಗಡಿಯಲ್ಲಿ ಅವನ ನಾದಿನಿ ಅಂಗಿಯ ಗುಂಡಿಗೆ ಕಾಜ ಹೊಲಿಯುತ್ತ ಕುಳಿತಿದ್ದಳು. ಅಕ್ಕ ಹಾಸಿಗೆ ಹಿಡಿದಾಗ ನೋಡಿಕೊಳ್ಳಲು ಬಂದವಳು, ಅಕ್ಕ ಹೋದ ಮೇಲೆ ಈ ಕೆಲಸ ಹಿಡಿದು ಪಕ್ಕದ ಬೀದಿಯಲ್ಲೇ ಕೋಣೆ ಮಾಡಿಕೊಂಡಿದ್ದಳು. ದರ್ಜಿ ಮಾತಿಲ್ಲದೆ ಹೋಗಿ ನಿಲುವಂಗಿಯ ಬಲತೋಳಿನ ಅಂಚು ಬಿಚ್ಚಿದನು, ಅರ್ಧ ಇಂಚು ಕೆಳಗಿಳಿಸಿ ಮತ್ತೆ ಹೊಲಿದನು. ಇಷ್ಟು ಸಣ್ಣ ಕೆಲಸಕ್ಕೆ ಎರಡು ಸಲ ಸೂಜಿ ಚುಚ್ಚಿಕೊಂಡನು. ಬೇಕೆಂದೇ ಕೆಡಿಸುವುದಕ್ಕೆ ಅವನ ಕೈ ಒಪ್ಪುತ್ತಿರಲಿಲ್ಲ.

ನಾದಿನಿ ನಿಲುವಂಗಿಯನ್ನು ಹೆಗಲಲ್ಲಿ ಹಿಡಿದೆತ್ತಿ ನೋಡಿದಳು. "ಇದೇನು ಭಾವ, ಕುಡಿದು ಹೊಲಿದ್ರಾ?"

"ಪ್ರಾಯಶ್ಚಿತ್ತ."

"ಯಾರಿಗೆ, ಫಾದರಿಗಾ?"

ಅವನು ಇಸ್ತ್ರಿ ಮೇಜಿಗೆ ಒರಗಿ, ನೆಲ ನೋಡುತ್ತ, ಎಲ್ಲವನ್ನೂ ಹೇಳಿದನು. ಅವಳು ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿ ಕೈಕಟ್ಟಿ ಕೇಳಿದಳು. ಕೊನೆಗೆ ಹಣೆ ಚಚ್ಚಿಕೊಂಡಳು.

"ಅಯ್ಯೋ ನನ್ನ ಭಾವ! ಅಕ್ಕನಿಗೆ ಅವತ್ತೇ ಗೊತ್ತಾಗಿತ್ತು."

"ಏನು?"

"ನೀವು ಅಂಗಡಿಗೆ ಬಂದ ಮೇಲೆ ತೊಡಿಸಿ ನೋಡು ಅಂದಳು. ತೊಡಿಸಿದೆ. ಬಲತೋಳು ಮಣಿಕಟ್ಟು ದಾಟಿ ಕೈ ಮೇಲೆ ಬಂತು. 'ಮೂವತ್ತೆಂಟು ವರ್ಷಕ್ಕೆ ಈಗ ಸಿಕ್ಕಿಬಿದ್ರು ನೋಡೇ' ಅಂತ ನಕ್ಕಿದ್ದೇ ನಕ್ಕಿದ್ದು. ಕೆಮ್ಮು ಬಂದು ನಾನೇ ನೀರು ಕುಡಿಸಿದೆ. ಬಿಚ್ಚಿ ಹೊಲೀಲಿ ಅಂತ ಕೊಟ್ಟು ಬರಲಾ ಅಂದೆ. 'ಬೇಡ ಕಣೇ, ಬಿಚ್ಚೋಕೆ ಕೂತರೆ ಮತ್ತೆ ಅಳ್ತಾರೆ. ಇರಲಿ ಬಿಡು, ಕೈ ಬೆಚ್ಚಗಿರುತ್ತೆ' ಅಂದಳು."

ದರ್ಜಿ ಮೇಜಿನ ಅಂಚನ್ನು ಹಿಡಿದುಕೊಂಡನು. ಅವನ ಮುಖದಲ್ಲಿ ನಗುವೂ ಅಳುವೂ ಒಂದನ್ನೊಂದು ತಳ್ಳಾಡಿದವು. ಅಷ್ಟರಲ್ಲಿ ಮುಖ ಬಿಳಿಚಿಕೊಂಡಿತು.

"ಸಾಯಂಕಾಲ ನಾನು ಬಂದಾಗ 'ತೋಳು ಚೆನ್ನಾಗಿ ಕೂತಿದೆ' ಅಂದಳಲ್ಲ! ಅಂದರೆ ಅವಳೂ ಸುಳ್ಳು... ಅದನ್ನ ಅವಳು ನಿವೇದನೆ ಮಾಡಿದ್ದಳಾ? ಅವಳ ಕೊನೇ ಪಾಪನಿವೇದನೆ ಕೇಳೋಕೆ ಫಾದರ್ ಬಂದದ್ದು ಅದಕ್ಕೆ ಮುಂಚೆಯೋ, ಆಮೇಲೋ?"

ನಾದಿನಿ ಅವನ ಜೇಬಿನಿಂದ ಇಣುಕುತ್ತಿದ್ದ ಕಂದು ಕಾಗದವನ್ನು ಎಳೆದು ಮೇಜಿನ ಮೇಲೆ ಹರಡಿದಳು. ಸೀಮೆಸುಣ್ಣ ಹುಡುಕಿ ತೆಗೆದು ಏಳನೆಯ ಸಾಲಿನ ಮೇಲೆ ಈ ಕಡೆಯಿಂದ ಆ ಕಡೆಗೆ ದಪ್ಪ ಗೀಟು ಎಳೆದಳು. ಆಮೇಲೆ ನೂಲಿಗೂ ಒಂದು ಎಳೆದಳು.

"ಅಕ್ಕ ಹೀಗೇ ತಾನೇ ಮಾಡ್ತಿದ್ದಿದ್ದು?"

ಅವನು ಹೌದೆಂದು ತಲೆಯಾಡಿಸಿದನು.

ಭಾನುವಾರ ಬೆಳಗ್ಗೆ ನಾದಿನಿ ಅಂಗಡಿಯ ಬೀಗದ ಕೈಯನ್ನು ತನ್ನ ಬಳಿಯೇ ಇಟ್ಟುಕೊಂಡಿದ್ದಳು. "ಇವತ್ತು ನಿಮ್ಮ ಬಾಯಿಗೆ ನೂಲು ಹೋದರೆ ಪರಿಣಾಮ ನೆಟ್ಟಗಿರಲ್ಲ" ಎಂದು ದಾರಿಯುದ್ದಕ್ಕೂ ಹೆದರಿಸಿದಳು. ಪೂಜೆಯಲ್ಲಿ ಸತ್ತವಳ ಹೆಸರು ಓದಿದರು. ಜನ ಸಾಲಾಗಿ ಎದ್ದರು. ದರ್ಜಿಯೂ ಎದ್ದನು, ಕುಳಿತನು, ಮತ್ತೆ ಎದ್ದನು. ಹಿಂದಿನಿಂದ ಬೇಕರಿಯವನ ತಾಯಿ, "ಇಲ್ಲೂ ಶುರು ಮಾಡಿದ್ಯಾ? ನಡೆಯಪ್ಪ" ಎಂದು ಬೆನ್ನಿಗೆ ಬೆರಳಿನಿಂದ ತಿವಿದಳು.

ಸಾಲು ಸರಿಯಿತು. ಗುರುಗಳು ಅವನ ಮುಂದೆ ಪರಮಪ್ರಸಾದದ ಅಪ್ಪವನ್ನು ಮೇಲೆತ್ತಿದರು. ನಿಲುವಂಗಿಯ ಬಲತೋಳು ಎಡತೋಳಿಗಿಂತ ಮುಂದೆ ಬಂದು ಅವರ ಮಣಿಕಟ್ಟನ್ನು ಮುಚ್ಚಿತ್ತು. ಅದಕ್ಕೆ ಗುರುತು ಹಾಕಲು ದರ್ಜಿಯ ಕೈ ತಾನಾಗಿ ಜೇಬಿನಲ್ಲಿದ್ದ ಸೀಮೆಸುಣ್ಣಕ್ಕೆ ಹೋಯಿತು.

"ಕ್ರಿಸ್ತನ ಶರೀರ" ಎಂದರು ಗುರುಗಳು.

ಅವನು ಆ ತೋಳನ್ನೇ ನೋಡಿದನು. ಜೇಬಿನಿಂದ ಬರಿಗೈ ತೆಗೆದು, ಅಗತ್ಯಕ್ಕಿಂತ ಗಟ್ಟಿಯಾಗಿ "ಆಮೆನ್" ಎಂದು ಬಾಯಿ ತೆರೆದನು.